ಕೈ ಮಿಷನ್ನು, ಕಾಲು ಮಿಷನ್ನು

ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ ಮುತ್ಯಾಲಮ್ಮನೂ ಅವಳ ಗಂಡ ಮುನಿರಾಮಪ್ಪನೂ ಕೋಲಾರಕ್ಕೆ ಹೊರಟರು. ರೇಷ್ಮೆ ಸಾಕುವವರಿಗೆ ಬಿಡುವು ಅಂತ ಸಿಗುವುದು ಆ ಒಂದು ದಿನ. ಹುಳ ತಲೆ ಎತ್ತಿಕೊಂಡು, ಪೊರೆ ಬಿಡುವುದಕ್ಕೆ ಸುಮ್ಮನೆ ಕೂತುಬಿಡುತ್ತದೆ. ಅದಕ್ಕೇ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಜ್ವರ ಬಿಟ್ಟು ಎದ್ದರೆ ಮತ್ತೆ ಹಗಲೂ ರಾತ್ರಿ ತಿನ್ನುತ್ತದೆ. ಆಮೇಲೆ ಮನೆಯವರು ಕೂತು ಉಣ್ಣುವುದಕ್ಕೂ ಪುರುಸೊತ್ತಿರುವುದಿಲ್ಲ.

ಅದು ಎಪ್ಪತ್ತೆಂಟನೇ ಇಸವಿ, ಕಾರ್ತಿಕ ಮಾಸ. ಅವರ ಊರು ಹುತ್ತೂರಿನಿಂದ ಎರಡು ಮೈಲಿ. ಹುತ್ತೂರಿನವರೆಗೆ ನಡೆದು ಅಲ್ಲಿ ಬಸ್ಸು ಹಿಡಿದರು. ಹೋಗುತ್ತಿದ್ದದ್ದು ಹೊಲಿಗೆ ಮಿಷನ್ನು ನೋಡುವುದಕ್ಕೆ. ಮುತ್ಯಾಲಮ್ಮ ಮೂರನೇ ಕ್ಲಾಸು ಓದಿದವಳು. ಆದರೆ ಸೂಜಿ ಹಿಡಿದರೆ ಅವಳ ಹೊಲಿಗೆ ಎಳ್ಳು ಸಾಲಿಟ್ಟ ಹಾಗೆ ಬರುತ್ತಿತ್ತು. ಎದುರು ಮನೆಯ ಅಶ್ವತ್ಥಮ್ಮ ಒಂದು ಸಲ ಅವಳ ರವಿಕೆಯ ತೋಳು ತಿರುವಿ ನೋಡಿ, ಯಾವ ಟೈಲರ್ ಹತ್ತಿರ ಕೊಟ್ಟಿದ್ದೆ ಅಂತ ಕೇಳಿದ್ದಳು. ಕೇಳಿಸಿಕೊಂಡ ಮುನಿರಾಮಪ್ಪ ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದ. ಹೆಂಡತಿಯ ಸೂಜಿಯ ಮೇಲೆ ಅವನಿಗೆ ಅಷ್ಟು ಜಂಬ. ಅವರಿಗೆ ಮಕ್ಕಳಿರಲಿಲ್ಲ. ಜಂಬ ಪಡುವುದಕ್ಕೆ ಇದ್ದದ್ದು ಇದೊಂದು.

ಕ್ಲಾಕ್ ಟವರ್ ಹತ್ತಿರ ಕೋದಂಡರಾಮಪ್ಪನ ಅಂಗಡಿ. ಹೊರಗೆ ಸೈಕಲ್ಲು, ಒಳಗೆ ಹೊಲಿಗೆ ಮಿಷನ್ನು. ಎರಡು ಮಿಷನ್ನು ಅಕ್ಕಪಕ್ಕ ಇಟ್ಟಿದ್ದ. ಒಂದು ಕೈಯಲ್ಲಿ ತಿರುಗಿಸುವುದು, ಮರದ ಪೀಠದ ಮೇಲೆ ಚಿಕ್ಕದಾಗಿ ಕೂತಿತ್ತು. ಇನ್ನೊಂದು ಕಾಲಲ್ಲಿ ತುಳಿಯುವುದು. ಅದಕ್ಕೆ ಕಬ್ಬಿಣದ ಸ್ಟ್ಯಾಂಡು, ಮೇಲೆ ಹಲಗೆ, ಕೆಳಗೆ ದೊಡ್ಡ ಚಕ್ರ, ಚಕ್ರಕ್ಕೆ ಚರ್ಮದ ಬೆಲ್ಟು. ಅಂಗಡಿಯವನು ‘ಕೂಚೋಮ್ಮಾ’ ಅಂತ ತೆಲುಗಿನಲ್ಲಿ ಹೇಳಿ ಅವಳ ಮುಂದೆ ಸ್ಟೂಲು ಎಳೆದ. ಅವಳು ನಾಚಿಕೊಂಡಳು. ಮುನಿರಾಮಪ್ಪ ತಾನೇ ಕೂತುಬಿಟ್ಟ.

ತೋಟ ಅಗೆದು ಅಗೆದು ಒಡೆದಿದ್ದ ಪಾದ. ಎರಡೂ ಪಾದ ಇಟ್ಟು ಒಂದೇ ಸಲಕ್ಕೆ ಒತ್ತಿದ. ಚಕ್ರ ಹಿಂದಕ್ಕೆ ತಿರುಗಿತು. ದಾರ ಸುತ್ತಿಕೊಂಡು ಬಟ್ಟೆಯ ಕೆಳಗೆ ಹಕ್ಕಿಗೂಡು ಕಟ್ಟಿತು. ಕೋದಂಡರಾಮಪ್ಪ ನಕ್ಕ, ಅವನೂ ನಕ್ಕ. ಮೊದಲು ಮೇಲಿನ ಗಾಲಿಯನ್ನು ಕೈಯಲ್ಲಿ ನಮ್ಮ ಕಡೆಗೆ ತಿರುಗಿಸಿ, ಆಮೇಲೆ ಕಾಲು ಕೊಡಬೇಕು ಅಂತ ಅಂಗಡಿಯವನು ತೋರಿಸಿದ. ಎರಡನೇ ಸಲ ಸರಿಯಾಗಿ ಓಡಿತು. ಮುನಿರಾಮಪ್ಪನಿಗೆ ಅಷ್ಟೇ ಸಾಕಾಯಿತು. ಇದೇ ಇರಲಿ ಅಂದ. ಅವಳು ಕೈ ಮಿಷನ್ನು ಸಾಕು ಅಂದಳು. ಅಂಗಡಿಯವನಿಗೆ ಯಾವುದಾದರೂ ಒಂದೇ. ಅವನು ಬಾಯಿ ಹಾಕಲಿಲ್ಲ. ತೀರ್ಮಾನ ಆಗದೆ ಇಬ್ಬರೂ ಎದ್ದು ಬಂದರು.

ಬಸ್ಸಿನಲ್ಲೂ ಅದೇ ಮಾತು.

“ಕಾಲಿಂದೇ ತಗಳ್ಳೋಣ ಕಣೇ. ಎರಡು ಕೈಯೂ ಬಟ್ಟೆ ಮೇಲಿರುತ್ತೆ. ಒಂದ್ರಲ್ಲಿ ತಿರುವ್ಕೊಂಡು ಇನ್ನೊಂದ್ರಲ್ಲಿ ಹಿಡ್ಕೊಂಡು ಏನು ಹೊಲೀತೀಯ, ಒಂಟೆತ್ತು ಕಟ್ಟಿ ಉತ್ತಂಗೆ.”

“ಎಲ್ಲಿಡ್ತೀಯ ಅದನ್ನ? ಹುಳದ ನೆತ್ತಿ ಮೇಲಾ?”

“ಹಿತ್ತಿಲ ಕಡೆ ಒಂದು ಮಾಡು ಇಳಿಸ್ತೀನಿ. ಅಲ್ಲಿಟ್ಕೊಂಡು ಹೊಲಿ.”

“ಮೊದ್ಲು ಮಾಡು ಇಳಿಸು. ಆಮೇಲೆ ಮಿಷನ್ನಿನ ಮಾತು.”

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಇದ್ದದ್ದು ಒಂದು ನಡುಮನೆ, ಒಂದು ಅಡುಗೆ ಮನೆ, ಮುಂದೆ ಜಗಲಿ. ನಡುಮನೆಯ ತುಂಬ ಹುಳದ ತಟ್ಟೆಗಳ ಸ್ಟ್ಯಾಂಡು. ಗಂಡ ಹೆಂಡತಿ ಮಲಗುತ್ತಿದ್ದದ್ದು ಆ ಸ್ಟ್ಯಾಂಡುಗಳ ನಡುವಿನ ಓಣಿಯಲ್ಲಿ. ಆ ಮನೆಯಲ್ಲಿ ಕಾಲು ಮಿಷನ್ನು ಇಡುವುದೆಂದರೆ ಒಬ್ಬರು ಮಲಗುವ ಜಾಗ ಬಿಟ್ಟುಕೊಡಬೇಕು. ಮುನಿರಾಮಪ್ಪ ಸಿಟ್ಟಾಗಲಿಲ್ಲ. ರಾತ್ರಿ ಮುದ್ದೆ ಉಣ್ಣುತ್ತ, ಹುಳ ಹಣ್ಣಾಗಿ ಗೂಡು ಕಟ್ಟಲಿ, ಆಮೇಲೆ ನೋಡೋಣ ಅಂದ. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನಕ್ಕೆ ಹುಳ ಜ್ವರ ಬಿಟ್ಟು ಏಳುತ್ತದೆ, ಅಷ್ಟರಲ್ಲಿ ಸೊಪ್ಪು ಮನೆಗೆ ಬಂದಿರಬೇಕು ಅಂತ ಬೆಳಗ್ಗೆ ಅವನು ಹಿಪ್ಪುನೇರಳೆ ತೋಟಕ್ಕೆ ಹೋದ. ಹೊತ್ತು ಏರಿದರೂ ಬರಲಿಲ್ಲ. ಅಶ್ವತ್ಥಮ್ಮನ ಗಂಡ ಹೋಗಿ ನೋಡಿದ. ಸೊಪ್ಪಿನ ಹೊರೆ ಕಟ್ಟಿಯಾಗಿತ್ತು. ಹೊರೆಗೆ ಬೆನ್ನು ಕೊಟ್ಟು ಮುನಿರಾಮಪ್ಪ ಕೂತಿದ್ದ. ಕೂತ ಹಾಗೇ ಹೋಗಿದ್ದ. ಎದೆ ನಿಂತಿರಬೇಕು ಅಂದರು. ಮೂವತ್ತೆಂಟು ವಯಸ್ಸು.

ಅವನನ್ನು ಒಂದು ಹೊರೆ, ಸೊಪ್ಪನ್ನು ಒಂದು ಹೊರೆ ಅಂತ ಒಟ್ಟಿಗೇ ತಂದರು.

ಸೂತಕದವರು ಹುಳ ಮುಟ್ಟುವಂತಿಲ್ಲ. ಹುಳಕ್ಕೆ ಸಾವು ಗೀವು ಗೊತ್ತಿಲ್ಲ. ಮಧ್ಯಾಹ್ನ ಅದು ಹಸಿದುಕೊಂಡೇ ಎದ್ದಿತು. ಬೀದಿಯ ಹೆಂಗಸರು ಮಾತಾಡಿಕೊಂಡು, ಮನೆಗೆ ಎರಡೆರಡು ತಟ್ಟೆಯಂತೆ ಹೊತ್ತುಕೊಂಡು ಹೋದರು. ಅವನನ್ನು ಎತ್ತುವುದಕ್ಕೆ ಮುಂಚೆ ತಟ್ಟೆಗಳು ಎದ್ದವು, ಖಾಲಿ ಸ್ಟ್ಯಾಂಡುಗಳು ಹಿತ್ತಿಲಿಗೆ ಹೋದವು. ಅವತ್ತು ರಾತ್ರಿ ನಡುಮನೆ ಬರಿದಾಗಿತ್ತು. ಹುಳದ ಬೆಳೆಯ ಮಧ್ಯದಲ್ಲಿ ತಟ್ಟೆಗಳಿಲ್ಲದೆ ಮುತ್ಯಾಲಮ್ಮ ಆ ಮನೆಯಲ್ಲಿ ಮಲಗಿದ್ದು ಅದೇ ಮೊದಲು. ಎಲ್ಲಿ ನೋಡಿದರೂ ಜಾಗ. ಎರಡು ಕಾಲು ಮಿಷನ್ನು ಇಡಬಹುದಿತ್ತು.

ಬೀದಿಯವರು ಹುಳ ಹಣ್ಣು ಮಾಡಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ತಂದು ಸುರಿದರು. ಒಂದು ಗೂಡನ್ನೂ ಯಾರೂ ಇಟ್ಟುಕೊಳ್ಳಲಿಲ್ಲ. ಗಂಡನ ಅಣ್ಣ ವೆಂಕಟರಾಯಪ್ಪ ಅದನ್ನು ಕೋಲಾರದ ಮಾರ್ಕೆಟ್ಟಿಗೆ ಹಾಕಿ ಬಂದು, ಬಂದದ್ದನ್ನೆಲ್ಲ ಅವಳ ಕೈಗೇ ಕೊಟ್ಟ. ಒಂದು ಕರು ತಗೊಂಡರೆ ನಾಳೆಗೆ ಹಸುವಾಗುತ್ತದೆ ಅಂತ ಹೇಳಿ ನೋಡಿದ. ಅವಳು ಮಿಷನ್ನು ತಗೋತೀನಿ ಅಂದಳು.

“ಆಗ್ಲಿ ಕಣಮ್ಮ. ಯಾವ್ದು, ಕೈಯಿಂದಾ ಕಾಲಿಂದಾ?”

ಭಾವ ಕೇಳಿದ್ದು ಸಾಮಾನಿನ ವಿಷಯ. ಅವಳಿಗೆ ಅದು ಸಾಮಾನಿನ ವಿಷಯವಾಗಿ ಉಳಿದಿರಲಿಲ್ಲ. ಗಂಡನ ಹತ್ತಿರ ಕೊನೆಯದಾಗಿ ಆಡಿದ್ದು ಒಂದು ವಾದ. ಅದರಲ್ಲಿ ಅವನು ಸೋತೂ ಇರಲಿಲ್ಲ, ಗೆದ್ದೂ ಇರಲಿಲ್ಲ. ಈಗ ಕೈ ಮಿಷನ್ನು ತಂದರೆ ತಾನು ಗೆದ್ದ ಹಾಗೆ. ಸತ್ತವನ ಮೇಲೆ ಗೆಲ್ಲುವುದು ಅವಳಿಗೆ ಬೇಕಿರಲಿಲ್ಲ. ಅವಳಿಗೆ ಸೋಲಬೇಕಾಗಿತ್ತು.

ಅವ್ವ ಬಂದು ಅವಳನ್ನು ತೌರಿಗೆ ಕರೆದುಕೊಂಡು ಹೋದಳು. ತೌರು ಟೇಕಲ್. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಅಂತ ಅವ್ವನೇ ಮಾಲೂರಿನ ಹೊಲಿಗೆ ಕ್ಲಾಸಿಗೆ ಸೇರಿಸಿದಳು. ದಿನಾ ರೈಲಿನಲ್ಲಿ ಹೋಗಿ ಬರುವುದು. ಹೇಳಿಕೊಡುತ್ತಿದ್ದವಳು ಶಾಮಲಮ್ಮ ಅಂತ, ಐವತ್ತರ ಹೆಂಗಸು, ಕೊರಳಲ್ಲಿ ಯಾವಾಗಲೂ ಅಳತೆ ಟೇಪು. ಕ್ಲಾಸಿನಲ್ಲಿ ಉಳಿದವರೆಲ್ಲ ಮದುವೆಯಾಗದ ಹುಡುಗಿಯರು. ಮೂವತ್ತು ದಾಟಿದ, ಬರಿ ಹಣೆಯ ಮುತ್ಯಾಲಮ್ಮ ಹಿಂದಿನ ಮಿಷನ್ನಿನಲ್ಲಿ ಕೂರುತ್ತಿದ್ದಳು.

ಸೂಜಿಯಲ್ಲಿ ಬಂದದ್ದು ಮಿಷನ್ನಿನಲ್ಲಿ ಬರಲಿಲ್ಲ. ಕೈ ಮಿಷನ್ನಿಗೆ ಕೂರಿಸಿದರೆ ಎರಡು ದಿನದಲ್ಲಿ ನೆಟ್ಟಗೆ ಹೊಲಿದಳು. ಕಾಲು ಮಿಷನ್ನಿಗೆ ಕೂತರೆ ಚಕ್ರ ಹಿಂದಕ್ಕೆ ಓಡುತ್ತಿತ್ತು, ದಾರ ಕಿತ್ತುಹೋಗುತ್ತಿತ್ತು. ಆದರೂ ಕಾಲಿನದಕ್ಕೇ ಹೋಗಿ ಕೂರುತ್ತಿದ್ದಳು. ಶಾಮಲಮ್ಮ ಬಂದು ತಲೆಯ ಮೇಲೆ ನಿಂತು ಕೇಳುತ್ತಿದ್ದಳು: “ಏನಮ್ಮ, ಇಟ್ಟಿಗೆಗೆ ಮಣ್ಣು ತುಳೀತಿದ್ದೀಯಾ?” ಮಾಲೂರಿನ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಮುತ್ಯಾಲಮ್ಮ ಗಂಟು ಬಿಡಿಸಿ, ದಾರ ಪೋಣಿಸಿ, ಮತ್ತೆ ತುಳಿಯುತ್ತಿದ್ದಳು.

ಕ್ಲಾಸು ಮುಗಿಯುವ ಹೊತ್ತಿಗೆ ಶಾಮಲಮ್ಮ ಎಲ್ಲರನ್ನೂ ಕೂರಿಸಿಕೊಂಡು ಮಿಷನ್ನು ಕೊಳ್ಳುವ ಬಗೆ ಹೇಳಿದಳು. ಹಳೆಯದು ಅಗ್ಗಕ್ಕೆ ಸಿಗುತ್ತದೆ ಅಂತ ಉದ್ದ ಬಾಬಿನ್ನಿನ ಮಿಷನ್ನು ತರಬೇಡಿ, ಬಾಬಿನ್ ಕಳೆದರೆ ಇನ್ನೊಂದು ಸಿಗುವುದಿಲ್ಲ. ಸೂಜಿ ಇಳಿಯುವ ತೂತಿನ ಸುತ್ತ ಬೆರಳಾಡಿಸಿ, ಗೀರಿದ್ದರೆ ಬೇಡ. ಗಾಲಿ ಹಿಡಿದು ಅಲ್ಲಾಡಿಸಿ, ಸಡಿಲವಿದ್ದರೆ ಬೇಡ. ನಿಮ್ಮ ಬಟ್ಟೆ ನೀವೇ ತಗೊಂಡು ಹೋಗಿ ಹೊಲಿದು ನೋಡಿ, ತೆಳ್ಳನೆಯದು ಒಂದು, ದಪ್ಪದ್ದು ಒಂದು. ಹೊಸದಾಗಿ ಕಲಿತವರಿಗೆ ಕೈ ಮಿಷನ್ನೇ ವಾಸಿ. ಕೈ ನಿಂತರೆ ಮಿಷನ್ನು ನಿಲ್ಲುತ್ತದೆ. ಕಾಲಿಗೆ ಆ ಬುದ್ಧಿ ಬರಬೇಕಾದರೆ ವರ್ಷ ಹಿಡಿಯುತ್ತದೆ.

ಎಲ್ಲರೂ ಹೋದ ಮೇಲೆ ಮುತ್ಯಾಲಮ್ಮ ಉಳಿದಳು.

“ನಾನು ಕಾಲಿಂದೇ ತಗೋತೀನಿ ಟೀಚರ್.”

“ಇಷ್ಟೊತ್ತು ಹೇಳಿದ್ದೇನು ನಾನು?”

“ನಮ್ಮನೆಯವರು ಹೇಳಿದ್ರು.”

“ಅವರಿಗೆ ಹೊಲಿಗೆ ಗೊತ್ತಿತ್ತಾ?”

“ಇಲ್ಲ.”

ಶಾಮಲಮ್ಮ ಟೇಪನ್ನು ಕೊರಳಿಂದ ತೆಗೆದು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ತಗೋ ಹಾಗಾದ್ರೆ,” ಅಂದಳು. “ತುಳಿದು ತುಳಿದು ಬರುತ್ತೆ.”

ಯುಗಾದಿ ಕಳೆದ ಮೇಲೆ ಗಂಡನ ಊರಿಗೆ ವಾಪಸ್ಸು ಬಂದು, ಭಾವನ ಜೊತೆ ಕೋದಂಡರಾಮಪ್ಪನ ಅಂಗಡಿಗೆ ಹೋದಳು. ಎರಡು ತುಂಡು ಬಟ್ಟೆ ತಗೊಂಡು ಹೋಗಿದ್ದಳು. ತೂತಿನ ಸುತ್ತ ಬೆರಳಾಡಿಸಿದಳು, ಗಾಲಿ ಅಲ್ಲಾಡಿಸಿದಳು, ಹೊಲಿದು ತಿರುವಿ ನೋಡಿದಳು. ಅಂಗಡಿಯವನಿಗೆ ಅವಳ ಗುರುತು ಹತ್ತಲಿಲ್ಲ. ಅದೇ ಒಳ್ಳೆಯದಾಯಿತು ಅಂದುಕೊಂಡಳು. ಕಾಲು ಮಿಷನ್ನು ಎತ್ತಿನ ಗಾಡಿಯಲ್ಲಿ ಊರಿಗೆ ಬಂತು. ಗಂಡ ಮಲಗುತ್ತಿದ್ದ ಓಣಿಯಲ್ಲಿ ಇಡಿಸಿದಳು.

ಎರಡು ತಿಂಗಳು ಚೆನ್ನಾಗಿ ನಡೆಯಿತು. ರವಿಕೆ, ಲಂಗ, ಮಕ್ಕಳ ಚಡ್ಡಿ. ಮತ್ತೆ ಹುಳದ ಬೆಳೆ ಬಂದ ಮೇಲೆ ತಾಪತ್ರಯ ಶುರುವಾಯಿತು. ಹುಳದ ಸ್ಟ್ಯಾಂಡಿನ ಕಾಲುಗಳಿಗೆ ಇರುವೆ ಹತ್ತದ ಹಾಗೆ ನೀರಿನ ಬಟ್ಟಲು ಇಟ್ಟಿರುತ್ತಾರೆ. ಅವಳು ಮಿಷನ್ನು ತುಳಿದರೆ ಬಟ್ಟಲಿನ ನೀರು ನಡುಗುತ್ತಿತ್ತು. ಅದನ್ನು ಕಂಡ ಅಶ್ವತ್ಥಮ್ಮ, ಹುಳ ಗೂಡು ಕಟ್ಟುವಾಗ ನೆಲ ಅದುರಿದರೆ ನೂಲುವುದನ್ನೇ ನಿಲ್ಲಿಸಿಬಿಡುತ್ತದೆ ಅಂದಳು. ಮಿಷನ್ ಎಣ್ಣೆಯ ಡಬ್ಬಿ ಮೂಸಿ ನೋಡಿ ಮುಖ ಸಿಂಡರಿಸಿದಳು. ರೇಷ್ಮೆ ಮನೆಯಲ್ಲಿ ಮೆಣಸಿನಕಾಯಿ ಹುರಿಯುವುದಿಲ್ಲ, ಬೀಡಿ ಹಚ್ಚುವುದಿಲ್ಲ, ಸೀಮೆಎಣ್ಣೆ ಒಳಗೆ ತರುವುದಿಲ್ಲ. ಹುಳಕ್ಕೆ ವಾಸನೆ ಆಗದು. ಆ ಎಣ್ಣೆ ಸೀಮೆಎಣ್ಣೆಯ ತಮ್ಮನ ಹಾಗೆ ನಾರುತ್ತಿತ್ತು.

ಮುತ್ಯಾಲಮ್ಮ ಡಬ್ಬಿಯನ್ನು ಹಿತ್ತಿಲ ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟಳು. ಎಣ್ಣೆ ಇಲ್ಲದೆ ಕಬ್ಬಿಣ ಓಡುವುದಿಲ್ಲ ಅಂತ ಅವಳಿಗೂ ಗೊತ್ತು. ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುವುದನ್ನು ಹುಟ್ಟಿದಾಗಿನಿಂದ ನೋಡಿದ್ದಳು. ಮನೆಯಲ್ಲಿ ಕಾಯಿಸಿದ ಹರಳೆಣ್ಣೆ ಇತ್ತು. ತಲೆಗೆ ಹಚ್ಚಿಕೊಳ್ಳುವ ಎಣ್ಣೆ, ಹುಳಕ್ಕೇನೂ ಮಾಡಿರಲಿಲ್ಲ. ಹಕ್ಕಿ ಗರಿಯಲ್ಲಿ ಅದ್ದಿ ಮಿಷನ್ನಿನ ತೂತು ತೂತಿಗೂ ಬಿಟ್ಟಳು. ಹುಳ ಹಣ್ಣಾಗುವ ದಿನಗಳಲ್ಲಿ ತುಳಿಯುವುದು ನಿಲ್ಲಿಸಿದಳು. ಉಳಿದ ದಿನ ಮೆಲ್ಲಗೆ ತುಳಿದಳು.

ಚಳಿಗಾಲ ಬರುವ ಹೊತ್ತಿಗೆ ಮಿಷನ್ನು ಬಿಗಿದುಕೊಂಡಿತು. ಮೊದಲು ಸ್ವಲ್ಪ, ಆಮೇಲೆ ಬಹಳ. ಬಿಗಿದಷ್ಟೂ ಹರಳೆಣ್ಣೆ ಬಿಟ್ಟಳು. ಸಂಜೆಯಾದರೆ ತೊಡೆ ಹಿಡಿದುಕೊಳ್ಳುತ್ತಿತ್ತು. ದೋಷ ಮಿಷನ್ನಿನದು ಅಂತ ಅವಳಿಗೆ ಹೊಳೆಯಲೇ ಇಲ್ಲ. ತನ್ನ ಕಾಲಿಗೆ ಕಸುವಿಲ್ಲ ಅಂದುಕೊಂಡಳು. ಗಂಡನ ಒಡೆದ ಪಾದ ನೆನಪಾಗುತ್ತಿತ್ತು. ಆ ಪಾದಕ್ಕಾಗಿದ್ದರೆ ಇದು ಗಿರಗಿರ ಓಡುತ್ತಿತ್ತು. ಅವನು ಎದುರಿಗಿದ್ದಿದ್ದರೆ ತಿರುಗಿಸು ಬಾ ಅಂತ ಕೂರಿಸುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ, ಕೈ ಮಿಷನ್ನು ತರಬೇಕಾಗಿತ್ತು ಅನ್ನುತ್ತಾರೆ. ಆ ಮಾತು ಯಾರ ಬಾಯಿಂದಲೂ ಬರುವುದು ಅವಳಿಗೆ ಬೇಡವಾಗಿತ್ತು.

ಅಶ್ವತ್ಥಮ್ಮನ ಮೊಮ್ಮಗನ ಅಂಗಿ ಹೊಲಿಯುವಾಗ, ಅರ್ಧ ತೋಳಿನಲ್ಲಿ ಸೂಜಿ ಬಟ್ಟೆಯ ಒಳಗೇ ನಿಂತಿತು. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ತೋಳು ಕತ್ತರಿಸಿ ಬಿಡಿಸಿದಳು.

ಭಾವ ಬಂದು ಎರಡು ಸ್ಕ್ರೂ ಸಡಿಲಿಸಿ ಮಿಷನ್ನಿನ ಹೆಡ್ಡನ್ನು ಸ್ಟ್ಯಾಂಡಿನಿಂದ ಎತ್ತಿಕೊಟ್ಟ. ಹೊಲಿಯುವ ಭಾಗವೆಲ್ಲ ಆ ಹೆಡ್ಡಿನಲ್ಲೇ ಇರುತ್ತದೆ. ಗೋಣಿಯಲ್ಲಿ ಸುತ್ತಿ, ಸಿಂಬೆ ಇಟ್ಟುಕೊಂಡು, ತಲೆಯ ಮೇಲೆ ಹೊತ್ತು ಹುತ್ತೂರಿಗೆ ನಡೆದಳು. ಕೋಲಾರದಲ್ಲಿ ಇಳಿದು ರಿಪೇರಿ ಮಾಡುವ ಕದಿರೇಶನನ್ನು ವಿಚಾರಿಸಿಕೊಂಡು ಹೋದಳು. ಒಂದು ಜಗಲಿಯ ತುದಿಯಲ್ಲಿ ಚಾಪೆ ಹಾಸಿ ಕೂತಿದ್ದ, ಸುತ್ತ ಮಿಷನ್ನಿನ ಎಲುಬುಗಳು.

ಕದಿರೇಶ ಮುಚ್ಚಳ ತೆಗೆದ. ಒಳಗೆಲ್ಲ ಹಳದಿ ಅಂಟು, ಅದರಲ್ಲಿ ನೂಲಿನ ಪುಡಿ. ಬೆರಳಲ್ಲಿ ತೆಗೆದು ಮೂಸಿದ.

“ಏನಮ್ಮ ಇದು, ಮಿಷನ್ನಾ ಎತ್ತಿನ ಗಾಡೀನಾ?”

ಅವಳು ಹುಳದ ವಿಷಯ ಹೇಳಿದಳು. ಕದಿರೇಶ ಕೇಳುತ್ತಲೇ ಸೀಮೆಎಣ್ಣೆಯಲ್ಲಿ ಒಂದೊಂದೇ ಭಾಗ ತೊಳೆದ. ಹರಳೆಣ್ಣೆ ಅಚ್ಚಿಗೆ ಸರಿ, ಇಷ್ಟು ಸಣ್ಣ ಸಂದಿಯಲ್ಲಿ ಅದು ಒಣಗಿ ಅರಗಾಗುತ್ತದೆ, ಮಿಷನ್ ಎಣ್ಣೆ ದಿನಾ ಒಂದೊಂದು ತೊಟ್ಟು ಬೇಕೇ ಬೇಕು ಅಂದ. ಹುಳ ಇರುವಾಗ ಒಳಗೆ ಆಗಲ್ಲ ಅಂತ ಅವಳು ಮತ್ತೆ ಹೇಳಿದಳು.

“ಕೋಲಾರದ ತನಕ ಹೊತ್ಕೊಂಡು ಬಂದಿದ್ದೀಯ. ಜಗಲಿ ತನಕ ಹೊರೋಕಾಗಲ್ವಾ?”

“ಜಗಲೀಲಿ ಇಟ್ರೆ ತುಳಿಯೋದು ಹೆಂಗೆ? ಸ್ಟ್ಯಾಂಡು ಒಳಗಿರುತ್ತೆ.”

ಕದಿರೇಶ ಹಿಂದಕ್ಕೆ ಬಾಗಿ ಒಂದು ಡಬ್ಬಿಯಿಂದ ಕಬ್ಬಿಣದ ಹಿಡಿ ತೆಗೆದ. ಅದನ್ನು ಹೆಡ್ಡಿನ ಗಾಲಿಯ ಪಕ್ಕಕ್ಕಿಟ್ಟು ಒಂದು ಸ್ಕ್ರೂ ಬಿಗಿದ. ಹೆಡ್ಡನ್ನು ಒಂದು ಮರದ ಪೀಠದ ಮೇಲೆ ಕೂರಿಸಿದ. ಹಿಡಿ ತಿರುಗಿಸಿದ. ಸೂಜಿ ಟಕಟಕ ಅಂತ ಇಳಿದು ಹತ್ತಿತು. ಅವಳ ಕಣ್ಣ ಮುಂದೆ ಕೈ ಮಿಷನ್ನು ಕೂತಿತ್ತು.

ಮುತ್ಯಾಲಮ್ಮ ಅದನ್ನು ನೋಡಿದಳು. ಹಿಡಿಯನ್ನು ತಾನೇ ಒಂದು ಸುತ್ತು ತಿರುಗಿಸಿದಳು.

“ಎರಡೂ ಒಂದೇನಾ?”

“ಹೆಡ್ಡು ಒಂದೇ ಅಮ್ಮ. ಹಿಡಿ ಹಾಕಿದ್ರೆ ಕೈ ಮಿಷನ್ನು, ಸ್ಟ್ಯಾಂಡಿಗೆ ಕೂರಿಸಿದ್ರೆ ಕಾಲಿಂದು.”

“ಹಿಂದೇನೂ ಹಂಗೇನಾ? ಹೋದ ವರ್ಷಾನೂ?”

“ನಮ್ಮ ತಾತನ ಕಾಲದಿಂದಾನೂ ಹಂಗೇ. ಯಾಕಮ್ಮ?”

ಅವಳು ಹಿಡಿಗೂ ಪೀಠಕ್ಕೂ ದುಡ್ಡು ಎಣಿಸಿ ಕೊಟ್ಟಳು. ಬಸ್ಸಿನಲ್ಲಿ ಗೋಣಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವತ್ತು ಅಂಗಡಿಯಲ್ಲಿ ಇಬ್ಬರೂ ಕೈಯೋ ಕಾಲೋ ಅಂತ ಹಟ ಹಿಡಿದಿದ್ದರು. ಎರಡೂ ಆಗುತ್ತಾ ಅಂತ ಇಬ್ಬರಲ್ಲಿ ಒಬ್ಬರೂ ಕೇಳಿರಲಿಲ್ಲ. ಅವನಿಗೆ ಇದನ್ನು ಹೇಳಬೇಕಿತ್ತು. ಹೇಳಿದ್ದರೆ ಅವನು ಮೊದಲು ನಂಬುತ್ತಿರಲಿಲ್ಲ. ಆಮೇಲೆ, ನಾನು ಆಗಲೇ ಅಂದುಕೊಂಡಿದ್ದೆ ಕಣೇ ಅನ್ನುತ್ತಿದ್ದ. ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕಿಟಕಿಯ ಕಡೆ ಮುಖ ಮಾಡಿ ಅವಳು ಅದನ್ನೆಲ್ಲ ಅವನಿಗೆ ಹೇಳಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡಿ, ಸ್ವಲ್ಪ ಸರಿದು ಕೂತಳು. ಊರಿಗೆ ಬಂದು ಮಾತ್ರ ಯಾರಿಗೂ ಹೇಳಲಿಲ್ಲ. ಅದು ಅವರಿಬ್ಬರ ಜಗಳ.

ಇದಾಗಿ ಎಂಟು ಒಂಬತ್ತು ವರ್ಷವಾಯಿತು. ಹಿತ್ತಿಲಿಗೆ ಮಾಡು ಇಳಿಸುವವರು ಯಾರೂ ಇಲ್ಲ, ಅವಳೂ ಇಳಿಸಲಿಲ್ಲ. ಬೆಳೆಗೂ ಬೆಳೆಗೂ ನಡುವೆ ಮನೆ ಖಾಲಿಯಿರುವಾಗ ಹೆಡ್ಡು ಸ್ಟ್ಯಾಂಡಿನ ಮೇಲಿರುತ್ತದೆ. ಆಗ ತುಳಿಯುತ್ತಾಳೆ. ಈಗ ಕಾಲು ಹೇಳಿದ ಮಾತು ಕೇಳುತ್ತದೆ. ಹುಳ ಬಂದರೆ ಹಿಡಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಾಳೆ. ಊರಿನ ಹೆಂಗಸರಿಗೆ ಇದು ಅಭ್ಯಾಸವಾಗಿದೆ. ಮುತ್ಯಾಲಕ್ಕ ಹೊರಗೆ ಕೂತಿದ್ದರೆ ಮನೆಯಲ್ಲಿ ಹುಳ ಇದೆ, ಮೆಲ್ಲಗೆ ಮಾತಾಡಬೇಕು ಅಂತ ಅವರೇ ತಿಳಿದುಕೊಳ್ಳುತ್ತಾರೆ. ಬೇರೆ ಊರಿನವರು ಯಾರಾದರೂ ಹೊಸ ಮಿಷನ್ನು ತರುವ ಮುಂಚೆ ಕೇಳುವುದಕ್ಕೆ ಬಂದರೆ, ಗಂಡನನ್ನೂ ಕರೆದುಕೊಂಡು ಹೋಗು ಅನ್ನುತ್ತಾಳೆ.

ಹುಳ ಇರುವ ದಿನಗಳಲ್ಲಿ ಬೆಳಗ್ಗೆ ಎದ್ದ ಕೂಡಲೇ ಮಿಷನ್ನಿನ ಕೆಲಸ. ಹೆಡ್ಡನ್ನು ಎರಡು ಕೈಯಲ್ಲಿ ಎತ್ತಿ ಜಗಲಿಗೆ ತರುತ್ತಾಳೆ. ತೂತಿಗೊಂದು ತೊಟ್ಟು ಎಣ್ಣೆ. ದಾರವಿಲ್ಲದೆ ಸ್ವಲ್ಪ ಹೊತ್ತು ತಿರುಗಿಸಿ, ಇಳಿದ ಎಣ್ಣೆಯನ್ನು ಚಿಂದಿಯಲ್ಲಿ ಒರೆಸುತ್ತಾಳೆ. ಆಮೇಲೆ ಅಂಗಳದ ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಸೀಗೆಪುಡಿ ಹಾಕಿ ಕೈ ತೊಳೆಯುತ್ತಾಳೆ, ಉಗುರಿನ ಸಂದಿ, ಮೊಣಕೈಯವರೆಗೂ. ಎರಡೂ ಅಂಗೈಯನ್ನು ಮೂಗಿಗೆ ಹಿಡಿದು ನೋಡುತ್ತಾಳೆ. ಎಣ್ಣೆಯ ವಾಸನೆ ಇದ್ದರೆ ಮತ್ತೊಂದು ಸಲ ತೊಳೆಯುತ್ತಾಳೆ. ಆಮೇಲೆ ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕುತ್ತಾಳೆ.